ಹೊಟ್ಟೆಯೊಳಗಿನ ಕೂದಲುಂಡೆ: ಅದು ಮದ್ದಲ್ಲ, ರೋಗ



ಸವಣೂರು ತಾಲೂಕಿನ ಒಂದು ಹಳ್ಳಿಯ ಸಂಘದ ವಾರದ ಸಭೆಗೆ ನಾವು ಹೋಗಿದ್ದೆವು. 18 ಸದಸ್ಯರಲ್ಲಿ 17 ಮಂದಿ ಕೂತಿದ್ದರು. ಬಾರದವರು ಒಬ್ಬರೇ, ಅದೂ ಒಂದು ವಾರವೂ ಉಳಿತಾಯ ತಪ್ಪಿಸದಿದ್ದ ಹೆಣ್ಣುಮಗಳು. ಯಾಕೆ ಬಂದಿಲ್ಲ ಎಂದು ಕೇಳಿದರೆ ಎಲ್ಲರೂ ನೆಲ ನೋಡಿದರು. ಸಭೆ ಮುಗಿದು ಚಹಾ ಕೊಡುವಾಗ ಹಿರಿಯರೊಬ್ಬರು ನಮ್ಮ ಹತ್ತಿರ ಬಂದು, "ಆಕಿ ಮದ್ದು ಹಾಕ್ಯಾಳಂತ ಮಾತು ಬಂದೈತ್ರಿ. ಬಾಜೂ ಮನಿ ಹುಡುಗಿ ಕಾರಿಕೊಂಡಾಗ ಕೂದಲ ಬಿದ್ದಾವು. ಹಬ್ಬಕ್ಕ ಹೋಳಿಗಿ ಕೊಟ್ಟಾಕಿ ಈಕಿನ ಅಲ್ರಿ?" ಎಂದರು.

ಆ ಹುಡುಗಿಯ ತಾಯಿಯೂ ಅದೇ ಸಂಘದವರು. ಮದ್ದು ತೆಗೆಸಲು ಸಂಘದಿಂದಲೇ ಸಾಲ ಪಡೆದಿದ್ದರು. ಪುಸ್ತಕದಲ್ಲಿ ‘ಔಷಧ ಖರ್ಚು’ ಎಂದು ಬರೆದಿತ್ತು. ಮದ್ದು ತೆಗೆಯುವವರ ಹತ್ತಿರ ಎರಡು ಸಲ ಹೋಗಿ ವಾಂತಿ ಮಾಡಿಸಿಕೊಂಡು ಬಂದಿದ್ದರು. ಹುಡುಗಿಗೆ 13 ವರ್ಷ. ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಾಳೆ, ಮುಖ ಬಿಳಿಚಿದೆ, ಮೇಲ್ಹೊಟ್ಟೆ ಮುಟ್ಟಿದರೆ ಒಳಗೆ ಏನೋ ಗಟ್ಟಿ.

ಈ ತಿಂಗಳ ಪಾಠವನ್ನು ಆ ಹುಡುಗಿಯ ಕಾರಣಕ್ಕೆ ಬರೆಯುತ್ತಿದ್ದೇವೆ. ಅವಳ ಹೊಟ್ಟೆಯಲ್ಲಿ ಕೂದಲು ಇದ್ದದ್ದು ಸುಳ್ಳಲ್ಲ. ಅದನ್ನು ಯಾರೋ ಇಟ್ಟರು ಎಂಬುದು ಮಾತ್ರ ಸುಳ್ಳು. ಆ ಕೂದಲು ಅವಳದೇ.

ಕೂದಲು ಹೊಟ್ಟೆಗೆ ಹೋಗುವುದು ಹೇಗೆ?

ಕೆಲವು ಮಕ್ಕಳಿಗೆ, ಹೆಚ್ಚಾಗಿ ಹೆಣ್ಣುಮಕ್ಕಳಿಗೆ, ಕೂದಲು ಕೀಳುವ ಚಟ ಹತ್ತುತ್ತದೆ. ಓದುವಾಗ, ಟಿವಿ ನೋಡುವಾಗ, ಮಲಗುವಾಗ, ಮನಸ್ಸಿಗೆ ಕಸಿವಿಸಿಯಾದಾಗ ಕೈ ತಾನಾಗಿ ತಲೆಗೆ ಹೋಗುತ್ತದೆ. ಹೀಗೆ ಕೀಳುವವರಲ್ಲಿ ಕೆಲವರು ಅದನ್ನು ಬಾಯಿಗೆ ಹಾಕಿ ನುಂಗುತ್ತಾರೆ. ಕಂಬಳಿಯ ಎಳೆ, ಬಟ್ಟೆಯ ನೂಲು ತಿನ್ನುವವರೂ ಇದ್ದಾರೆ. ಎಲ್ಲ ಗುಟ್ಟಾಗಿ ನಡೆಯುವುದರಿಂದ ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಕೂದಲು ಕರಗುವ ಪದಾರ್ಥ ಅಲ್ಲ. ಹೆರಳು ಹಾಕಿಕೊಂಡ ಮೇಲೆ ಬಾಚಣಿಕೆಯ ಕೂದಲನ್ನು ಉಂಡಿ ಮಾಡಿ ಗ್ವಾಡಿ ಸಂದಿಗೆ ಸಿಗಿಸುತ್ತೇವಲ್ಲ, ಕೂದಲು ಕೊಳ್ಳುವವನು ಬಂದಾಗ ಕೊಡೋಣ ಅಂತ. ವರ್ಷ ಬಿಟ್ಟು ತೆಗೆದರೂ ಹಂಗೇ ಇರುತ್ತದೆ. ಹೊಟ್ಟೆಯಲ್ಲಿಯೂ ಅಷ್ಟೇ. ಜಠರದ ಒಳಗೋಡೆ ಮಡಿಕೆ ಮಡಿಕೆಯಾಗಿದೆ. ನುಣುಪಾದ ಕೂದಲು ಆ ಮಡಿಕೆಗಳಲ್ಲಿ ಸಿಕ್ಕಿಕೊಂಡರೆ ಮುಂದೆ ಸರಿಯುವುದಿಲ್ಲ. ಜಠರ ಊಟವನ್ನು ಕಡೆಯುವಾಗ ಕೂದಲೂ ಹೊಸೆದುಕೊಂಡು ಉಂಡೆಯಾಗುತ್ತದೆ. ಬಚ್ಚಲ ಮೋರಿಯಲ್ಲಿ ನಾಲ್ಕು ಕೂದಲು ಸಿಕ್ಕರೆ ಸಾಬೂನಿನ ಜಿಡ್ಡೂ ಅನ್ನದ ಅಗುಳೂ ಅದಕ್ಕೇ ಮೆತ್ತಿಕೊಳ್ಳುವ ಹಾಗೆ, ಈ ಉಂಡೆಗೂ ಲೋಳೆ, ಜಿಡ್ಡು, ಉಂಡ ಅನ್ನ ಮೆತ್ತುತ್ತಾ ಹೋಗುತ್ತದೆ. ಹೊಟ್ಟೆಯ ಆಮ್ಲಕ್ಕೆ ಸಿಕ್ಕ ಕೂದಲು ಯಾವ ಬಣ್ಣದ್ದಿದ್ದರೂ ಕಪ್ಪಾಗುತ್ತದೆ. ಸಿಕ್ಕಿಕೊಂಡ ಅನ್ನ ಕೊಳೆತು ನಾರುತ್ತದೆ, ಬಾಯಿಯೂ ವಾಸನೆ ಬರುತ್ತದೆ. ಕಪ್ಪು ಬಣ್ಣ, ಕೆಟ್ಟ ನಾತ, ಮೇಲೆ ಕೂದಲು. ನೋಡಿದವರಿಗೆ ಮದ್ದು ಅನ್ನಿಸದೆ ಇನ್ನೇನು ಅನ್ನಿಸೀತು? ನಾವು ಆ ತಾಯಿಯನ್ನು ಬೈಯಲಾರೆವು. ಕಣ್ಣಿಗೆ ಕಂಡದ್ದನ್ನೇ ಅವರು ನಂಬಿದರು.

ಹೊಟ್ಟೆಯಲ್ಲಿ ಕರಗದೆ ಕಟ್ಟಿಕೊಂಡ ಇಂಥ ಉಂಡೆಗೆ ಡಾಕ್ಟರರು ‘ಬೆಜೋರ್’ ಎನ್ನುತ್ತಾರೆ. ‘ಪಾದ್‌ಜಹರ್’ ಎಂಬ ಪರ್ಷಿಯನ್ ಮಾತಿನಿಂದ ಬಂದ ಹೆಸರು. ಜಹರ್ ಎಂದರೆ ವಿಷ ಎಂದು ನವಾಬರು ಆಳಿದ ಸವಣೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾದ್‌ಜಹರ್ ಎಂದರೆ ವಿಷ ಇಳಿಸುವಂಥದ್ದು. ಕಾಡಾಡಿನ ಹೊಟ್ಟೆಯಲ್ಲಿ ಸಿಕ್ಕ ಇಂಥ ಉಂಡೆಗಳನ್ನು ಹಿಂದಿನ ಕಾಲದ ರಾಜರು ವಿಷಕ್ಕೆ ಮದ್ದೆಂದು ಹಣ ಸುರಿದು ಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಅದೇ ಉಂಡೆ ವಿಷವೇ ಆಗಿ ಕೂತಿದೆ! ಆ ನಂಬಿಕೆಯೂ ನಿಜವಲ್ಲ, ಈ ನಂಬಿಕೆಯೂ ನಿಜವಲ್ಲ.

ಕೆಲವರಲ್ಲಿ ಉಂಡೆ ಜಠರದಲ್ಲಿದ್ದು, ಅದರ ಬಾಲ ಜಡೆಯ ಹಾಗೆ ಸಣ್ಣ ಕರುಳಿಗೆ ಇಳಿದಿರುತ್ತದೆ. 1968ರಲ್ಲಿ ಇದನ್ನು ಮೊದಲು ವಿವರಿಸಿದ ವೈದ್ಯರು ಜರ್ಮನ್ ಜನಪದ ಕಥೆಯ ಉದ್ದ ಜಡೆಯ ಹುಡುಗಿ ರಪುಂಜೆಲ್‌ಳ ಹೆಸರನ್ನೇ ಈ ರೋಗಕ್ಕೆ ಇಟ್ಟರು.

ಇದು ಹಳ್ಳಿಯವರಿಗೆ, ಓದದವರಿಗೆ ಮಾತ್ರ ಬರುವ ರೋಗ ಅಂದುಕೊಳ್ಳಬೇಡಿ. 2024ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ 8 ವರ್ಷದ ಬಾಲಕಿಯ ಹೊಟ್ಟೆ ಕೊಯ್ದು ದೊಡ್ಡ ಕೂದಲುಂಡೆ ತೆಗೆದರು. ಊಟ ಸೇರುವುದಿಲ್ಲ, ವಾಂತಿ ಎಂದು ತಂದೆತಾಯಿ ಆಕೆಯನ್ನು ಹಲವು ಡಾಕ್ಟರರಿಗೆ ತೋರಿಸಿದ್ದರು. ಬರೀ ಗ್ಯಾಸ್ಟ್ರಿಕ್ ಎಂದು ಔಷಧ ಕೊಟ್ಟು ಕಳಿಸಿದ್ದೇ ಹೆಚ್ಚು. ರಾಜಧಾನಿಯ ಡಾಕ್ಟರರಿಗೇ ಮೊದಲು ಹೊಳೆಯದ ರೋಗ ನಮ್ಮ ತಾಯಂದಿರಿಗೆ ಹೊಳೆಯಲಿಲ್ಲ ಎಂದರೆ ತಪ್ಪೇನು?

ಆದರೆ ಡಾಕ್ಟರರಿಗಿಂತ ಮೊದಲು ಕಾಣುವ ಒಂದು ಗುರುತು ತಾಯಿಯ ಕೈಯಲ್ಲಿಯೇ ಇದೆ. ಹೆರಳು ಹಾಕುವಾಗ ಮಗಳ ತಲೆಯನ್ನು ಸರಿಯಾಗಿ ನೋಡಿ. ಒಂದು ಕಡೆ ಬೋಳು ಬೋಳಾಗಿದೆಯೇ? ಮುರಿದ ಮೋಟು ಕೂದಲು ಇವೆಯೇ? ಹುಬ್ಬು, ರೆಪ್ಪೆ ತೆಳ್ಳಗಾಗಿವೆಯೇ? ಹಾಸಿಗೆಯ ಮೇಲೆ ಕಿತ್ತ ಕೂದಲು ಇಲ್ಲ, ತಲೆಯಲ್ಲಿಯೂ ಇಲ್ಲ ಎಂದರೆ ಅದು ಎಲ್ಲಿಗೆ ಹೋಯಿತು ಎಂದು ಯೋಚನೆ ಮಾಡಬೇಕು. ಹೊಟ್ಟೆನೋವಿಗೆ ಡಾಕ್ಟರರ ಹತ್ತಿರ ಹೋದಾಗ "ಕೂದಲ ತಿಂತಾಳ್ರಿ" ಎಂಬ ಒಂದು ಮಾತನ್ನು ಮುಚ್ಚಿಡದೆ ಹೇಳಿದರೆ ಅರ್ಧ ರೋಗ ಅಲ್ಲೇ ಪತ್ತೆಯಾದ ಹಾಗೆ.

ನಾರು, ಬೀಜ, ಮಣ್ಣು

ಕೂದಲುಂಡೆ ಅಪರೂಪ. ಹಣ್ಣು ಕಾಯಿಪಲ್ಲೆಯ ನಾರಿನ ಉಂಡೆ ಅದಕ್ಕಿಂತ ಹೆಚ್ಚು, ಮತ್ತು ಅದು ಹೆಚ್ಚಾಗಿ ವಯಸ್ಸಾದವರ ತೊಂದರೆ. ಹಲ್ಲಿಲ್ಲದ ಅತ್ತೆ ಕಿತ್ತಳೆ ತೊಳೆಯನ್ನು ಸಿಪ್ಪೆ ಸಮೇತ ನುಂಗುತ್ತಾರೆ, ನಾರಿನ ಮಾವಿನಹಣ್ಣನ್ನು ಚೀಪುತ್ತಾ ನಾರೂ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದವರಿಗೆ ಜಠರ ನಿಧಾನವಾಗಿರುತ್ತದೆ. ಹಿಂದೆ ಅಲ್ಸರಿಗಾಗಿ ಜಠರದ ಆಪರೇಷನ್ ಆದವರಿಗೆ ನಾರು ಅರೆಯುವ ಶಕ್ತಿ ಕಡಿಮೆ. ಇಂಥವರಲ್ಲಿ ನಾರು ಉಂಡೆ ಕಟ್ಟಿ ಮುಂದೆ ಸಣ್ಣ ಕರುಳಿಗೆ ಇಳಿದು ಸಿಕ್ಕಿಕೊಳ್ಳಬಹುದು. ಹಾಗಂತ ಅವರಿಗೆ ಹಣ್ಣು, ಸೊಪ್ಪು ಬಿಡಿಸಬೇಡಿ. ಸಿಪ್ಪೆ, ನಾರು ತೆಗೆದು, ಸಣ್ಣಗೆ ಹೆಚ್ಚಿ, ಮೆತ್ತಗೆ ಬೇಯಿಸಿ ಕೊಡಿ. ನೀರು ಕುಡಿಯಲಿ, ನಿಧಾನ ಅಗಿಯಲಿ.

ಬಾರಿಹಣ್ಣಿನ ಕಾಲದಲ್ಲಿ ಮಕ್ಕಳು ಬೀಜ ಉಗುಳುವ ಗೋಜಿಗೇ ಹೋಗುವುದಿಲ್ಲ. ಪೇರಲ ಹಣ್ಣಿನ ಬೀಜವೂ ಹಾಗೆಯೇ. ಬಹಳ ತಿಂದರೆ ಬೀಜಗಳೆಲ್ಲ ಗುದದ್ವಾರದ ಮೇಲೆ ಗಾರೆ ಹಾಕಿದ ಹಾಗೆ ಗಟ್ಟಿಯಾಗಿ, ಮಗು ಸಂಡಾಸಕ್ಕೆ ಕೂತು ಅಳುತ್ತದೆ. ಮನೆಯಲ್ಲಿ ಕಡ್ಡಿ, ಬೆರಳು ಹಾಕಬೇಡಿ. ಆಸ್ಪತ್ರೆಯಲ್ಲಿ ನೋವಾಗದಂತೆ ತೆಗೆಯುತ್ತಾರೆ.

ಮಣ್ಣು, ಬಳಪ, ಬೂದಿ, ಹಸಿ ಅಕ್ಕಿ ತಿನ್ನುವ ಆಸೆ ನಮ್ಮ ಬಸುರಿಯರಲ್ಲಿ, ಹುಡುಗಿಯರಲ್ಲಿ ಎಷ್ಟು ಸಾಮಾನ್ಯ ಎಂದು ನಿಮಗೇ ಗೊತ್ತು. ಇದಕ್ಕೂ ರಕ್ತ ಕಡಿಮೆ ಇರುವುದಕ್ಕೂ ಸಂಬಂಧ ಇದೆ. ಕಬ್ಬಿಣದ ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಹಲವರಲ್ಲಿ ಆಸೆಯೇ ಹೋಗುತ್ತದೆ. ಹೊಟ್ಟೆಯೊಳಗೆ ಜಂತುಹುಳ ಹೆಚ್ಚಾಗಿ ಅವೇ ಗಂಟು ಕಟ್ಟಿ ಮಕ್ಕಳ ಕರುಳು ಮುಚ್ಚುವುದೂ ಉಂಟು. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ ಶಾಲೆ, ಅಂಗನವಾಡಿಯಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ತಪ್ಪಿಸಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಮಾತು, ಸ್ವಲ್ಪ ದಾರಿ ಬಿಟ್ಟದ್ದಾದರೂ ಹೇಳಿಬಿಡುತ್ತೇವೆ. 2022ರ ನವೆಂಬರಿನಲ್ಲಿ ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯ ಡಾಕ್ಟರರು ರಾಯಚೂರು ಜಿಲ್ಲೆಯ ಒಬ್ಬರ ಜಠರದಿಂದ 187 ನಾಣ್ಯ ತೆಗೆದರು. ಒಂದು, ಎರಡು, ಐದು ರೂಪಾಯಿಯವು, ಎಣಿಸಿದರೆ 462 ರೂಪಾಯಿ. ಪತ್ರಿಕೆಯಲ್ಲಿ ಓದಿ ಜನ ನಕ್ಕರು. ಆ ಮನುಷ್ಯನಿಗೆ ಮಾನಸಿಕ ಕಾಯಿಲೆ ಇತ್ತು. ತಿನ್ನಬಾರದ್ದನ್ನು ತಿನ್ನುವವರ ಹೊಟ್ಟೆಯಷ್ಟೇ ಅಲ್ಲ, ಮನಸ್ಸೂ ನೋಯುತ್ತಿರುತ್ತದೆ. ಈ ಮಾತಿಗೆ ಮುಂದೆ ಬರುತ್ತೇವೆ.

ಕರುಳು ಕಟ್ಟಿದಾಗ

ಉಂಡೆ ಜಠರದಲ್ಲಿಯೇ ಇರುವವರೆಗೆ ತಿಂಗಳು, ವರ್ಷ ಕಳೆಯಬಹುದು. ಅದು, ಅಥವಾ ಅದರ ಒಂದು ತುಂಡು, ಸಣ್ಣ ಕರುಳಿಗೆ ಇಳಿದರೆ ಮಾತ್ರ ಗಂಟೆ ಲೆಕ್ಕ. ಸಣ್ಣ ಕರುಳು ಸುಮಾರು 20 ಅಡಿ ಉದ್ದ, ದೊಡ್ಡ ಕರುಳಿಗೆ ಸೇರುವ ಕಡೆ ಬರಬರುತ್ತಾ ಇಕ್ಕಟ್ಟು. ಹೆಚ್ಚಿನ ಉಂಡೆಗಳು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಕಾಲುವೆಗೆ ಕಸ ಅಡ್ಡ ಬಿದ್ದರೆ ಮೇಲಿನ ಹೊಲಕ್ಕೆ ನೀರು ನುಗ್ಗುತ್ತದೆ, ಕೆಳಗಿನ ಹೊಲ ಒಣಗುತ್ತದೆ. ಇಲ್ಲಿಯೂ ಹಾಗೆಯೇ. ಮೇಲಿನ ಕರುಳು ನೀರು, ಗಾಳಿಯಿಂದ ಉಬ್ಬುತ್ತದೆ, ಕೆಳಗೆ ಏನೂ ಇಳಿಯುವುದಿಲ್ಲ.

ಮೊದಲು ಬ್ಯಾನಿ ಅಲೆ ಅಲೆಯಾಗಿ ಬರುತ್ತದೆ: ಹಿಂಡಿದ ಹಾಗೆ ಬಂತು, ಬಿಟ್ಟಿತು, ಮತ್ತೆ ಬಂತು. ಹೊಟ್ಟೆ ಉಬ್ಬುತ್ತದೆ. ವಾಂತಿ ಮೊದಲು ಉಂಡದ್ದು, ಆಮೇಲೆ ಹಸಿರು, ಕೊನೆಗೆ ಮಲದ ನಾತದ್ದು. ಸಂಡಾಸ ಆಗುವುದಿಲ್ಲ, ಗಾಳಿಯೂ ಹೋಗುವುದಿಲ್ಲ. "ಗಾಳಿ ಹೋಗ್ಯಾದೇನವ್ವಾ?" ಎಂದು ಕೇಳುವುದಕ್ಕೆ ನಾಚಬೇಡಿ, ಡಾಕ್ಟರರು ಕೇಳುವ ಮೊದಲ ಪ್ರಶ್ನೆಯೇ ಅದು. ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಬಿಡದೆ ಹಿಡಿಯಿತು, ಜ್ವರ ಬಂತು, ಹೊಟ್ಟೆ ಹಲಗೆಯಂತೆ ಬಿಗಿಯಾಯಿತು, ಮೂತ್ರ ಕಡಿಮೆಯಾಯಿತು ಎಂದರೆ ಕರುಳಿಗೆ ರಕ್ತ ಹೋಗದೆ ಕೊಳೆಯಲು, ತೂತಾಗಲು ಹತ್ತಿದೆ ಎಂದೇ ತಿಳಿಯಬೇಕು.

ಇವೇ ಲಕ್ಷಣಗಳು ಬೇರೆ ಕಾರಣಕ್ಕೂ ಬರುತ್ತವೆ. ನಿಜ ಹೇಳಬೇಕೆಂದರೆ ಬೇರೆ ಕಾರಣಗಳೇ ಬಹಳ ಹೆಚ್ಚು. ಹಳೆಯ ಆಪರೇಷನ್ನಿನ ಜಾಗದಲ್ಲಿ ಕರುಳು ಅಂಟಿಕೊಳ್ಳುವುದು, ಹರ್ನಿಯಾ, ಕರುಳಿನ ಕ್ಷಯ, ಹೀಗೆ. ಗರ್ಭಕೋಶ ತೆಗೆಸಿಕೊಂಡ ಹೆಣ್ಣುಮಕ್ಕಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅಂಥವರು "ಅದು ಎಂದೋ ಆದ ಆಪರೇಷನ್" ಎಂದು ಬಿಡದೆ ಡಾಕ್ಟರರಿಗೆ ಹೇಳಲೇಬೇಕು. ಕಾರಣ ಯಾವುದೇ ಇರಲಿ, ಮನೆಯಲ್ಲಿ ನಾವು ಮಾಡುವ ತಪ್ಪು ಮಾತ್ರ ಒಂದೇ ಥರ.

ಔಡಲೆಣ್ಣೆ ಕುಡಿಸುತ್ತೇವೆ. ಭೇದಿ ಮಾತ್ರೆ ಕೊಡುತ್ತೇವೆ. ಬಟ್ಟಿ ಬಿದ್ದೈತಿ ಅಂತ ಹೊಟ್ಟೆ ತಿಕ್ಕಿಸುತ್ತೇವೆ. ಮದ್ದು ತೆಗೆಯುವವರ ಹತ್ತಿರ ವಾಂತಿ ಮಾಡಿಸುತ್ತೇವೆ. ಕಟ್ಟಿದ ಕರುಳನ್ನು ಭೇದಿ ಔಷಧದಿಂದ ಮತ್ತಷ್ಟು ಹಿಂಡಿಸಿದರೆ ಅದು ಹರಿಯಬಹುದು. ಬಲವಂತದ ವಾಂತಿಯಿಂದ ಇಷ್ಟು ದೊಡ್ಡ ಉಂಡೆ ಗಂಟಲು ದಾಟಿ ಬರುವುದಿಲ್ಲ. ನಾಲ್ಕು ಎಳೆ ಬರಬಹುದು, ಅದನ್ನೇ ತೋರಿಸಿ ಹಣ ತೆಗೆದುಕೊಳ್ಳುತ್ತಾರೆ. ಉಳಿದದ್ದು ಒಳಗೇ ಇರುತ್ತದೆ. ಆದ್ದರಿಂದ ಮೇಲಿನ ಲಕ್ಷಣ ಕಂಡರೆ ಬಾಯಿಗೆ ಅನ್ನ, ನೀರು, ಔಷಧ ಏನೂ ಬೇಡ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡುವುದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಗೊತ್ತಿದ್ದರೆ ಹೆದರಿಕೆ ಕಡಿಮೆ, ಅದಕ್ಕೇ ಬರೆಯುತ್ತೇವೆ. ಮೊದಲು ಕೈಗೆ ಸಲೈನ್ ಹಚ್ಚುತ್ತಾರೆ, ಮೂಗಿನಿಂದ ಜಠರಕ್ಕೆ ಒಂದು ಪೈಪು ಇಳಿಸುತ್ತಾರೆ. ಮೂಗಿನ ಪೈಪು ನೋಡಿ ಮನೆಯವರು "ಇನ್ನ ಮುಗೀತು" ಅಂತ ಅಳುವುದನ್ನು ನಾವು ಕಂಡಿದ್ದೇವೆ. ಅದು ಕೊನೆಗಾಲದ ಪೈಪು ಅಲ್ಲ, ಉಬ್ಬಿದ ಹೊಟ್ಟೆಯ ನೀರು ಗಾಳಿ ಹೊರಗೆ ತೆಗೆದು ಹಗುರ ಮಾಡುವ ಪೈಪು. ನಿಲ್ಲಿಸಿ ಎಕ್ಸ್‌ರೇ ತೆಗೆದರೆ ಉಬ್ಬಿದ ಕರುಳಿನಲ್ಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ನಿಂತದ್ದು ಕಾಣುತ್ತದೆ. ಕಟ್ಟಿದೆ ಎಂದು ಗೊತ್ತಾಯಿತು, ಯಾವುದು ಕಟ್ಟಿದೆ ಎಂಬುದಕ್ಕೆ ಸ್ಕ್ಯಾನಿಂಗ್ ಬೇಕು. ಸಿಟಿ ಸ್ಕ್ಯಾನಿನಲ್ಲಿ ಉಂಡೆ ಸ್ಪಂಜಿನ ಹಾಗೆ ನಡುನಡುವೆ ಗಾಳಿಯ ಗುಳ್ಳೆ ತುಂಬಿಕೊಂಡು ಕಾಣುತ್ತದೆ, ಅದರ ಹಿಂದೆ ಕರುಳು ಉಬ್ಬಿರುತ್ತದೆ, ಮುಂದೆ ಚಪ್ಪಟೆಯಾಗಿರುತ್ತದೆ. ಉಂಡೆ ಜಠರದಲ್ಲಿದ್ದರೆ ಬಾಯಿಯಿಂದ ದುರ್ಬೀನು ಇಳಿಸಿ ಕಣ್ಣಾರೆ ನೋಡುತ್ತಾರೆ. ಇದೇ ಎಂಡೋಸ್ಕೋಪಿ.

ಜಠರದಲ್ಲಿರುವ ನಾರಿನ ಉಂಡೆಯನ್ನು ದುರ್ಬೀನಿನಿಂದಲೇ ಒಡೆದು ತೆಗೆಯಬಹುದು. ಕೆಲವು ಆಸ್ಪತ್ರೆಗಳಲ್ಲಿ ಕೋಲಾ ಪಾನೀಯ ಬಿಟ್ಟು ನಾರನ್ನು ಮೆತ್ತಗೆ ಮಾಡುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ, ಆದರೆ ನಿಜ. ಇದನ್ನು ಓದಿ ಯಾರೂ ಅಂಗಡಿಯಿಂದ ಬಾಟಲಿ ತಂದು ಕುಡಿಸಬೇಡಿ! ಕೂದಲಿಗೆ ಅದು ತಾಗುವುದಿಲ್ಲ. ನಾರಿನ ಉಂಡೆಯೂ ಅರ್ಧ ಕರಗಿ, ತುಂಡು ಕೆಳಗಿಳಿದು, ಇಲ್ಲದ ಕರುಳು ಕಟ್ಟುವ ರೋಗ ತಂದೀತು. ಪಪ್ಪಾಯಿಯ ರಸದಿಂದ ತೆಗೆದ ಔಷಧವನ್ನೂ ಹಿಂದೆ ಬಳಸುತ್ತಿದ್ದರು. ಅದು ಜಠರವನ್ನೇ ಹುಣ್ಣು ಮಾಡಿದ್ದುಂಟು.

ಕರುಳಲ್ಲಿ ಬಿಗಿಯಾಗಿ ಸಿಕ್ಕಿದ ಉಂಡೆಗೆ ಆಪರೇಷನ್ನೇ ದಾರಿ. ಹೊಟ್ಟೆ ತೆರೆದ ಮೇಲೆ ನಾರಿನ ಉಂಡೆ ಮೆತ್ತಗಿದ್ದರೆ ಕರುಳನ್ನು ಕೊಯ್ಯದೆ, ಆಕಳ ಮೊಲೆ ಹಿಂಡಿದ ಹಾಗೆ ಹೊರಗಿನಿಂದ ಮೆಲ್ಲಗೆ ಹಿಂಡುತ್ತಾ ದೊಡ್ಡ ಕರುಳಿಗೆ ದಾಟಿಸುತ್ತಾರೆ. ಗಟ್ಟಿಯಿದ್ದರೆ ಕರುಳಿಗೆ ಸಣ್ಣ ಕೊಯ್ತ ಹಾಕಿ ತೆಗೆದು ಹೊಲಿಯುತ್ತಾರೆ. ಕರುಳು ಕೊಳೆತಿದ್ದರೆ ಮಾತ್ರ ಅಷ್ಟು ಭಾಗ ಕತ್ತರಿಸಬೇಕಾಗುತ್ತದೆ. ಎರಡು ದಿನ ತಡ ಮಾಡಿದ್ದರ ಬೆಲೆ ಇಲ್ಲಿ ಕಾಣುತ್ತದೆ. ಒಂದು ಉಂಡೆ ಸಿಕ್ಕಿತೆಂದು ಬಿಡದೆ ಜಠರದಿಂದ ಹಿಡಿದು ಕರುಳೆಲ್ಲ ಕೈಯಾಡಿಸಿ ಇನ್ನೊಂದು ಉಂಡೆ ಇದೆಯೇ ಎಂದು ನೋಡುತ್ತಾರೆ. ದೊಡ್ಡ ಕೂದಲುಂಡೆಯನ್ನು ಸಾಮಾನ್ಯವಾಗಿ ಜಠರ ಕೊಯ್ದೇ, ಬಾಲ ಹರಿಯದಂತೆ ಒಟ್ಟಿಗೆ ತೆಗೆಯುತ್ತಾರೆ.

ಖರ್ಚಿನ ಮಾತು. ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅನುಕೂಲ ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಸಂಗಡ ಇರಲಿ. ಸವಣೂರಿನ ತಾಲೂಕು ಆಸ್ಪತ್ರೆಯಿಂದ ಹಾವೇರಿಗೋ ಹುಬ್ಬಳ್ಳಿಗೋ ಕಳಿಸಿದರೆ ರೆಫರಲ್ ಚೀಟಿ ಕೇಳಿ ಇಸಿದುಕೊಳ್ಳಿ. ಸಂಘದ ಸಾಲ ಗಾಡಿ ಖರ್ಚಿಗೆ, ಜೊತೆಗಿದ್ದವರ ಊಟಕ್ಕೆ ಆದೀತು.

ಹೊಲಿಗೆ ಬಿಚ್ಚಿದ ಮೇಲೆ

ಆಪರೇಷನ್ ಉಂಡೆಯನ್ನು ತೆಗೆಯುತ್ತದೆ, ಚಟವನ್ನಲ್ಲ. ಮನಸ್ಸಿನ ಚಿಕಿತ್ಸೆ ಆಗದಿದ್ದರೆ ಎರಡನೇ ಸಲ ಉಂಡೆ ಕಟ್ಟಿದ ಮಕ್ಕಳಿದ್ದಾರೆ. ಕೂದಲು ಕೀಳುವುದು ಮೊಂಡತನ ಅಲ್ಲ, ಹೊಡೆದರೆ, ತಲೆ ಬೋಳಿಸಿದರೆ, ನಾಲ್ಕು ಜನರ ಮುಂದೆ ಹೀಯಾಳಿಸಿದರೆ ಅದು ಹೆಚ್ಚೇ ಆಗುತ್ತದೆ. ಕೈ ತಲೆಗೆ ಹೋಗುವ ಹೊತ್ತನ್ನು ಗುರುತಿಸಿ, ಆಗ ಕೈಗೆ ಬೇರೆ ಕೆಲಸ ಕೊಡುವುದನ್ನು ಮನೋವೈದ್ಯರು ಕಲಿಸುತ್ತಾರೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ದೂರ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಸರಕಾರ ಶುರು ಮಾಡಿದ ಟೆಲಿಮಾನಸ್ ಸೇವೆ, ಹಣ ಇಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಜೊತೆಗೆ ರಕ್ತ ಪರೀಕ್ಷೆ, ಕಬ್ಬಿಣದ ಮಾತ್ರೆ.

ಇನ್ನು ನಮ್ಮ ಹುಡುಗಿಯ ಕಥೆ. ನಾವು ಅವರ ಮನೆಗೆ ಹೋದಾಗ ತಾಯಿ ಮಗಳಿಗೆ ಹೆರಳು ಹಾಕುತ್ತಿದ್ದರು. ಬಲಗಿವಿಯ ಹಿಂದೆ ಅಂಗೈ ಅಗಲ ಬೋಳು, ಮೇಲೆ ಕೂದಲು ಬಾಚಿ ಮುಚ್ಚುತ್ತಿದ್ದರು. ನಾವು ವಾದ ಮಾಡಲಿಲ್ಲ. "ಮದ್ದೋ ಅಲ್ಲೋ, ಒಂದು ಸ್ಕ್ಯಾನಿಂಗ್ ಮಾಡಿಸೋಣ್ರಿ, ಒಳಗ ಏನೈತಿ ನೋಡೋಣ" ಎಂದೆವು. ಅದಕ್ಕೆ ಒಪ್ಪಿದರು. ವಾರದೊಳಗೆ ಆಪರೇಷನ್ ಆಯಿತು. ಡಾಕ್ಟರರು ಉಂಡೆಯನ್ನು ಟ್ರೇಯಲ್ಲಿ ತಂದು ತೋರಿಸಿದಾಗ ಬದನೆಕಾಯಿಯ ಹಾಗೆ ಕಪ್ಪಗೆ ಮಿರುಗುತ್ತಿತ್ತು. ತಾಯಿ ಸೆರಗು ಮೂಗಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೂದಲಿನ ನಡುವೆ ಕೆಂಪು ನೂಲು ಸಿಕ್ಕಿಕೊಂಡಿತ್ತು. "ಇದು ಸಾಲಿ ರಿಬ್ಬನ್ರಿ. ನಾನs ಕಟ್ಟಿದ್ದು" ಎಂದರು.

ಹುಡುಗಿ ಆಮೇಲೆ ಮನೋವೈದ್ಯರ ಹತ್ತಿರ ಏನು ಹೇಳಿಕೊಂಡಳೋ ಅದು ಅವಳದು, ಇಲ್ಲಿ ಬರೆಯುವುದಿಲ್ಲ. ಈಗ ಶಾಲೆಗೆ ಹೋಗುತ್ತಾಳೆ. ತಾಯಿ ಊರಿಗೆ ಬಂದವರೇ ಬಾಜೂ ಮನೆಗೆ ಹೋದರಂತೆ. ಆ ಸದಸ್ಯೆ ಮುಂದಿನ ಸಭೆಗೆ ಬಂದು, ತಪ್ಪಿದ ಐದು ವಾರದ ಉಳಿತಾಯವನ್ನು ಒಟ್ಟಿಗೆ ಕಟ್ಟಿದರು. ದಂಡ ಹಾಕಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಚರ್ಚೆಯಾಗಿ, ಬೇಡ ಎಂದು ಠರಾವು ಬರೆದರು.

ಸಭೆಯಲ್ಲಿ ಮಾತಾಡಿ: ನಮ್ಮ ಊರಲ್ಲಿ ಮದ್ದು ಹಾಕಿದಳೆಂದು ಯಾರ ಮೇಲಾದರೂ ಮಾತು ಬಂದಿದೆಯೇ? ಆಗ ಕಾಯಿಲೆ ಬಿದ್ದವರನ್ನು ಡಾಕ್ಟರರು ನೋಡಿದ್ದರೇ? ಆರೋಗ್ಯಕ್ಕೆಂದು ಸಂಘ ಕೊಟ್ಟ ಸಾಲ ಕಳೆದ ವರ್ಷ ಎಲ್ಲೆಲ್ಲಿ ಖರ್ಚಾಗಿದೆ, ಪುಸ್ತಕ ತೆಗೆದು ನೋಡಿ.